ಕುದುರೆಗೆ ಮೈ ತುಂಬಿಸುತ್ತಿದ್ದ ಹುಸೇನಪ್ಪ

ಹುಸೇನಪ್ಪ ಕುದುರೆಯ ಮುಖ ನೋಡುವ ಮೊದಲು ಅದರ ಲದ್ದಿ ನೋಡುತ್ತಿದ್ದ. ನೋಡುವುದೆಂದರೆ ದೂರ ನಿಂತಲ್ಲ. ಒಂದು ಉಂಡೆ ಎತ್ತಿ, ಎರಡು ಹೋಳು ಮಾಡಿ, ಅಂಗೈ ಮೇಲೆ ಹರಡಿ, ಮೂಗಿನ ಹತ್ತಿರ ತಂದು ಮೂಸುತ್ತಿದ್ದ. ಮಾನ್ವಿಯ ಅಕ್ಕಿ ಗಿರಣಿಗೆ ಮೊದಲ ಸಲ ಬಂದ ದಿನವೂ ಹಾಗೇ ಮಾಡಿದ. ಸಾವ್ಕಾರರು ಧೋತರದ ಚುಂಗನ್ನು ಮೂಗಿಗೆ ಹಿಡಿದರು. ಗಿರಣಿಯ ಗುಮಾಸ್ತನಾಗಿದ್ದ ನಾನು ನಕ್ಕುಬಿಟ್ಟೆ.

"ನಗಬ್ಯಾಡ್ರಿ ಗುಮಾಸ್ತರ. ಇದರಾಗ ಜ್ವಾಳದ ಕಾಳು ಇಡೀಕ ಇಡೀ ಹಂಗ ಅದಾವ ನೋಡ್ರಿ. ನೀವು ಹಾಕಿದ್ದು ಈ ಕಡಿಂದ ಹೋಗಿ ಆ ಕಡಿಂದ ಬಂದದ. ನಡುವ ಕುದುರಿಗೇನೂ ಸಿಕ್ಕಿಲ್ಲ."

ಎಪ್ಪತ್ತರ ದಶಕದ ಕೊನೆಯ ಮಾತು. ರಾಯಚೂರಿನಲ್ಲಿ ಆಟೋಗಳು ಹೆಚ್ಚಿ, ಸ್ಟೇಷನ್ ಮುಂದಿನ ಟಾಂಗಾದವರು ಒಬ್ಬೊಬ್ಬರಾಗಿ ಕುದುರೆ ಮಾರತೊಡಗಿದ್ದರು. ನಮ್ಮ ಸಾವ್ಕಾರರು ಅಂಥವನೊಬ್ಬನಿಂದ ಒಂದು ಬಿಳಿ ಹೆಣ್ಣು ಕುದುರೆ ಕೊಂಡು ತಂದರು. ಮಗನ ಲಗ್ನಕ್ಕೆ ಮೂರು ತಿಂಗಳಿತ್ತು. ಬಾಡಿಗೆ ಕುದುರೆಯ ಮೇಲೆ ಮಗ ಕೂರಬಾರದು, ಮನೆಯ ಕುದುರೆಯ ಮೇಲೇ ಮೆರವಣಿಗೆ ಆಗಬೇಕು ಎಂಬುದು ಅವರ ಹಟ. ಆದರೆ ಕುದುರೆಯ ಪಕ್ಕೆಲುಬುಗಳನ್ನು ರಸ್ತೆಯಲ್ಲಿ ನಿಂತೇ ಎಣಿಸಬಹುದಿತ್ತು. ದೇವದುರ್ಗದಲ್ಲಿ ಹಿಂದೆ ದೇಸಾಯರ ಲಾಯದಲ್ಲಿ ದುಡಿದ ಹುಸೇನಪ್ಪ ಎಂಬವನಿದ್ದಾನೆ, ಕುದುರೆಗೆ ಮೈ ತುಂಬಿಸುವುದರಲ್ಲಿ ಅವನನ್ನು ಮೀರಿಸುವವರಿಲ್ಲ ಎಂದು ಯಾರೋ ಹೇಳಿದರು. ಹೀಗೆ ಅವನು ಬಂದ. ಐವತ್ತು ದಾಟಿದ್ದ. ಎರಡು ಕಿವಿಯಲ್ಲೂ ಉಂಗುರದಂಥ ಒಂಟಿ, ಹೆಗಲ ಮೇಲೆ ಕುದುರೆ ಬೆವರಿನ ವಾಸನೆಯ ಕಂಬಳಿ.

ಮೊದಲ ವಾರ ಅವನು ಕುದುರೆಗೆ ಒಂದು ಕಾಳೂ ಹಾಕಲಿಲ್ಲ. ಬರೀ ಒಣ ಹುಲ್ಲು, ಕಾಲುವೆ ಬದುವಿನ ಹಸಿ ಹುಲ್ಲು, ನೀರು, ನೆಕ್ಕಲು ಒಂದು ಉಪ್ಪಿನ ಗಟ್ಟಿ. ದನದ ದವಾಖಾನೆಯಿಂದ ಜಂತಿನ ಔಷಧ ತರಿಸಿದ. ಬಾಯಿಗೆ ಕೈ ಹಾಕಿ, ದವಡೆ ಹಲ್ಲಿನ ಅಂಚು ಚೂಪಾಗಿದೆಯೆಂದು ಡಾಕ್ಟರರಿಂದ ಅರ ಹಾಕಿ ಉಜ್ಜಿಸಿದ. ಸಾವ್ಕಾರರು ತಾಳ್ಮೆಗೆಟ್ಟರು.

"ಏನೋ ಹುಸೇನಪ್ಪ, ದಪ್ಪ ಮಾಡಂತ ಕರಸಿದ್ರ ಉಪಾಸ ಕೆಡವೀದಿ?"

"ದಪ್ಪ ಅನಬ್ಯಾಡ್ರಿ ಯಪ್ಪಾ. ದಪ್ಪ ಆಗೂದು ಗೋಣಿಚೀಲ. ಕುದುರಿ ಮೈ ತುಂಬಬೇಕು. ಎಲುಬು ಕಣ್ಣಿಗೆ ಕಾಣಬಾರ್ದು, ಕೈಗೆ ಸಿಗಬೇಕು."

ಎಂಟನೇ ದಿನ ಕಾಳು ಶುರುವಾಯಿತು. ನೆನೆಸಿ ಬೇಯಿಸಿದ ಹುರಳಿ ಒಂದು ಮುಷ್ಟಿ, ಕುದಿಸಿದ ಅಗಸೆ ಬೀಜ ಸ್ವಲ್ಪ, ನೀರು ಚಿಮುಕಿಸಿ ಕಲಸಿದ ತೌಡು ಒಂದು ಹಿಡಿ. ದಿನಕ್ಕೆ ನಾಲ್ಕು ಸಲ, ಪ್ರತಿ ಸಲವೂ ಹುಲ್ಲಿನ ನಂತರವೇ. ಮೂರು ವಾರಕ್ಕೊಮ್ಮೆ ಒಂದು ಮುಷ್ಟಿ ಏರಿಸುತ್ತಿದ್ದ. ಅಷ್ಟು ದೊಡ್ಡ ಪ್ರಾಣಿಗೆ ಇಷ್ಟು ಸಣ್ಣ ತುತ್ತೇಕೆ ಎಂದು ನಾನು ಕೇಳಿದೆ.

"ಮೈ ದೊಡ್ಡದು, ಹೊಟ್ಟಿ ಸಣ್ಣದು ಗುಮಾಸ್ತರ. ಎತ್ತಾದ್ರ ನುಂಗಿದ್ದನ್ನ ತಿರುಗಿ ಬಾಯಿಗಿ ತಂದು ಮೆಲಕಾಡ್ತದ. ಇದಕ್ಕ ಆ ಭಾಗ್ಯ ಇಲ್ಲ. ವಾಂತಿ ಸುದ್ದಾ ಮಾಡ್ಕೊಳಾಕ ಬರಂಗಿಲ್ಲ. ಒಳಗ ಹೋದದ್ದು ಹೋತು."

ಒಮ್ಮೆ ಸಾವ್ಕಾರರ ತಾಯಿ ಸೆರಗಿನಲ್ಲಿ ಹೋಳಿಗೆ ಮುಚ್ಚಿಕೊಂಡು ಲಾಯಕ್ಕೆ ಬಂದರು. ಹುಸೇನಪ್ಪ ಅಡ್ಡ ನಿಂತ. "ಯವ್ವಾ, ಹೋಳಿಗಿ ತಿನ್ನೋ ಪ್ರಾಣಿ ಈ ಲಾಯದಾಗ ಒಂದ ಅದ. ಅದು ನಾನು." ಅಜ್ಜಿ ನಗುತ್ತ ಕೊಟ್ಟರು. ಅಂದಿನಿಂದ ಹಬ್ಬ ಬಂದಾಗೆಲ್ಲ ಅವನಿಗೊಂದು ಪಾಲು ಬರುತ್ತಿತ್ತು.

ಎರಡು ತಿಂಗಳಲ್ಲಿ ಕುದುರೆಯ ಕೂದಲು ಹೊಳೆಯತೊಡಗಿತು. ಸಾವ್ಕಾರರು ಬಂದವರಿಗೆಲ್ಲ ಹುಸೇನಪ್ಪನನ್ನು ಕರೆದು ತೋರಿಸುತ್ತಿದ್ದರು. ನನಗೆ ಇದನ್ನು ಸಹಿಸಲಾಗುತ್ತಿರಲಿಲ್ಲ ಎಂಬುದನ್ನು ಇಲ್ಲಿ ಹೇಳಲೇಬೇಕು. ನಾನು ಎಸ್ಸೆಸ್ಸೆಲ್ಸಿ ಪಾಸಾದವನು. ಆರು ವರ್ಷ ಗಿರಣಿಯಲ್ಲಿ ದುಡಿದರೂ ನನ್ನನ್ನು ಯಾರಿಗೂ ಕರೆದು ತೋರಿಸಿರಲಿಲ್ಲ. ಹೆಬ್ಬೆಟ್ಟೊತ್ತುವವನೊಬ್ಬ ಲದ್ದಿ ಮೂಸಿ ದೊಡ್ಡವನಾಗಿದ್ದ.

ಲಗ್ನಕ್ಕೆ ಹದಿನೈದು ದಿನ ಉಳಿದಾಗ, ಗೂಗಲ್‌ ಎಂಬ ಹಳ್ಳಿಯಲ್ಲಿದ್ದ ಅವನ ಮಗಳು ಹೆತ್ತಳೆಂದು ಸುದ್ದಿ ಬಂತು. ಮೊದಲ ಬಸ್ಸಿಗೆ ಹೊರಡುವ ಅವಸರದಲ್ಲೂ ನಸುಕಿನಲ್ಲೆದ್ದು ಹುರಳಿ ಬೇಯಿಸಿಟ್ಟ. "ಎರಡು ದಿನ. ನಾ ಹಾಕೂದು ನಾಕು ಮುಷ್ಟಿ. ನಿಮ್ಮ ಕೈ ಸಣ್ಣದು, ಐದು ಹಾಕ್ರಿ. ಮತ್ತೇನೂ ಬ್ಯಾಡ," ಎಂದು ನನಗೆ ಹೇಳಿ ಹೋದ.

ಬೆಳಿಗ್ಗೆ ಅವನು ಹೇಳಿದಂತೆಯೇ ಐದು ಮುಷ್ಟಿ ಹಾಕಿದೆ. ಹತ್ತು ಗಂಟೆಗೆ ಸಾವ್ಕಾರರು ಲಾಯದ ಮುಂದೆ ನಿಂತು, "ಇನ್ನ ಸ್ವಲ್ಪ ತುಂಬಿದ್ರ ಚಲೋ ಇತ್ತು" ಎಂದು ತಮ್ಮಷ್ಟಕ್ಕೆ ಅಂದುಕೊಂಡು ಹೋದರು. ಆ ಮಾತು ನನಗೆ ಸಾಕಾಯಿತು. ನಾನು ಮಟಮಾರಿಯ ಒಕ್ಕಲಿನ ಮನೆಯವನು. ಕಾರಹುಣ್ಣಿಮೆಗೆ ಎತ್ತು ಓಡಿಸುವ ಮೊದಲು ಅಪ್ಪ ಬುಟ್ಟಿಗಟ್ಟಲೆ ತೌಡು ಸುರಿದು ಅವುಗಳ ಮೈ ಮಿಂಚಿಸುತ್ತಿದ್ದುದನ್ನು ಕಂಡು ಬೆಳೆದವನು. ಗಿರಣಿಯಲ್ಲಿ ಆಗಷ್ಟೇ ಬೀಳುತ್ತಿದ್ದ ಬೆಚ್ಚನೆಯ ಒಣ ತೌಡನ್ನು ಬುಟ್ಟಿ ತುಂಬಿಸಿ ಕುದುರೆಯ ಮುಂದಿಟ್ಟೆ. ಎರಡು ದಿನದಲ್ಲಿ ಹುಸೇನಪ್ಪ ಬಂದು ನೋಡಿ ಬೆರಗಾಗಬೇಕು ಎಂಬುದಷ್ಟೇ ನನ್ನ ತಲೆಯಲ್ಲಿತ್ತು. ಕುದುರೆ ಬುಟ್ಟಿಯ ತಳ ನೆಕ್ಕಿತು. ಆಮೇಲೆ ತೊಟ್ಟಿಗೆ ಬಾಯಿ ಹಾಕಿ ಬಹಳ ಹೊತ್ತು ನೀರು ಕುಡಿಯಿತು.

ಮೂರು ಗಂಟೆಗೆ ಅದು ತನ್ನ ಹೊಟ್ಟೆಯ ಕಡೆ ತಿರುತಿರುಗಿ ನೋಡತೊಡಗಿತು. ಮುಂಗಾಲಿನಿಂದ ನೆಲ ಕೆರೆಯಿತು, ಮಲಗಿತು, ಎದ್ದಿತು, ಮತ್ತೆ ದೊಪ್ಪನೆ ಬಿದ್ದು ಹೊರಳಿತು. ಬಿಳಿ ಮೈಯೆಲ್ಲ ನೀರು ಸುರಿದಂತೆ ಬೆವರು. ಮೂಗಿನಿಂದ ತೌಡು ಬೆರೆತ ಲೋಳೆ ಇಳಿಯತೊಡಗಿತು. ಯಾರೂ ನೋಡುವ ಮೊದಲು ನನ್ನ ಪಂಚೆಯಿಂದ ಅದನ್ನು ಒರೆಸಿದೆ. ಡಾಕ್ಟರರು ಓಡಿ ಬಂದರು. "ಏನು ತಿಂದದ?" ಎಂದು ಕೇಳಿದರು. ಸಾವ್ಕಾರರು, ಹಮಾಲರು, ಅಜ್ಜಿ, ಎಲ್ಲರೂ ನನ್ನತ್ತ ನೋಡಿದರು.

"ಹುಸೇನಪ್ಪ ಬೇಯ್ಸಿಟ್ಟಿದ್ದ ಹುರಳಿ. ಅಷ್ಟ," ಎಂದೆ.

ನಿಜ ಹೇಳಿದ್ದರೆ ಅದು ಬದುಕುತ್ತಿತ್ತೋ ಇಲ್ಲವೋ, ಇವತ್ತಿಗೂ ನನಗೆ ಗೊತ್ತಿಲ್ಲ. ಹೊತ್ತು ಮುಳುಗುವ ಮೊದಲೇ ಅದರ ಕಾಲು ಸೆಟೆದವು. ಬುಟ್ಟಿಯನ್ನು ನಾನು ತೊಳೆದು ಬೋರಲು ಹಾಕಿದ್ದೆ.

ಸುದ್ದಿ ತಿಳಿದು ಹುಸೇನಪ್ಪ ಮರುದಿನ ಮಧ್ಯಾಹ್ನವೇ ಬಂದ. ಮೊಮ್ಮಗನಿಗೆಂದು ಕೊಂಡ ಗಿಲಕಿ ಇನ್ನೂ ಅವನ ಕಿಸೆಯಲ್ಲಿತ್ತು, ನಡೆದಾಗ ಸದ್ದು ಮಾಡುತ್ತಿತ್ತು. ಕುದುರೆಯ ಮೇಲೆ ಹೊದಿಸಿದ್ದ ಗೋಣಿತಟ್ಟು ಸರಿಸಿ, ಉಬ್ಬಿದ ಹೊಟ್ಟೆಯ ಮೇಲೆ ಕೈಯಿಟ್ಟು ಕುಳಿತ.

"ಎಷ್ಟು ಹಾಕಿದ್ರಿ ಗುಮಾಸ್ತರ?"

"ಐದು ಮುಷ್ಟಿ. ನೀ ಹೇಳ್ದಷ್ಟ."

ಅವನು ನನ್ನ ಮುಖ ನೋಡಲಿಲ್ಲ. ನಂಬಿದವರು ಮುಖ ನೋಡುವುದಿಲ್ಲ. ಸಾವ್ಕಾರರು ಹಮಾಲರೆದುರಿಗೆ ಅವನನ್ನು ಬಾಯಿಗೆ ಬಂದಂತೆ ಬೈದರು, ಇನ್ನು ಈ ಸೀಮೆಯಲ್ಲಿ ಯಾರ ಲಾಯಕ್ಕೂ ಕಾಲಿಡದಂತೆ ಮಾಡುತ್ತೇನೆಂದರು. "ಹೌದ್ರಿ ಯಪ್ಪಾ, ತಪ್ಪು ನಂದ. ಬಿಟ್ಟು ಹೋಗಬಾರದಿತ್ತು," ಎಂದು ಕಂಬಳಿ ಎತ್ತಿಕೊಂಡು ಹೊರಟ. ಕೂಲಿಯನ್ನೂ ಕೇಳಲಿಲ್ಲ.

ಏಳೆಂಟು ವರ್ಷದ ಮೇಲೆ ಗಬ್ಬೂರಿನ ಬಸ್ ನಿಲ್ದಾಣದಲ್ಲಿ ಯಾರೋ, "ಗುಮಾಸ್ತರ, ಆರಾಮ್ರೀ?" ಎಂದರು. ತಿರುಗಿದರೆ ಹುಸೇನಪ್ಪ. ಚಹಾದ ಅಂಗಡಿಯಲ್ಲಿ ನೀರು ಹೊರುತ್ತಿದ್ದ. ಬೆನ್ನು ಬಾಗಿತ್ತು. ಕುದುರೆ ಕೆಲಸ ಇಲ್ಲವೇ ಎಂದು ಕೇಳಿದೆ. ರಾಯಚೂರಿನಿಂದ ಒಬ್ಬರು ಕರೆಯಲು ಬಂದಿದ್ದರಂತೆ, ತಾನೇ ಹೋಗಲಿಲ್ಲವಂತೆ. ಕೊಡ ಕೆಳಗಿಟ್ಟು, ಹತ್ತಿರ ಬಂದ.

"ಒಂದು ಮಾತು ಕೇಳ್ತೀನಿ, ತಪ್ಪು ತಿಳಕೋಬ್ಯಾಡ್ರಿ. ಅವತ್ತ ಬಸ್ಸಿನ ಅವಸರದಾಗ ಹುರಳಿ ಬೇಯೂಕಿಂತ ಮೊದಲ ಇಳಿಸಿದ್ನೇನೋ ಅನಸ್ತದ. ನೀವು ಕೈಯಾಗ ಹಿಡದು ಹಾಕಿದವ್ರು. ಕಾಳು ಮೆತ್ತಗಿದ್ವಾ, ಬಿರುಸಿದ್ವಾ?"

ಇವನು ಅದನ್ನು ಮರೆತಿರಬಹುದೆಂದು ಇಷ್ಟು ವರ್ಷ ನನಗೆ ನಾನೇ ಸಮಾಧಾನ ಹೇಳಿಕೊಂಡಿದ್ದೆ. ಕಾಳು ಬೆಣ್ಣೆಯಂತಿದ್ದವು. ನನ್ನ ಬೆರಳಿಗೆ ಇವತ್ತಿಗೂ ಅದು ನೆನಪಿದೆ.

"ನೆನಪಿಲ್ಲ ಹುಸೇನಪ್ಪ," ಎಂದೆ.

"ಇರ್ಲಿ ಬಿಡ್ರಿ. ಭಾಳ ದಿನಾ ಆತಲ್ಲ," ಎಂದು ಕೊಡ ಎತ್ತಿಕೊಂಡ. ಬಸ್ಸು ಬಂತು. ಹತ್ತಿ ಕುಳಿತೆ.

ಅವನು ತೀರಿಕೊಂಡನೆಂದು ತಿಳಿದಾಗ ಎರಡು ತಿಂಗಳಾಗಿಹೋಗಿತ್ತು. ಗೂಗಲ್‌ಗೆ ಹೋಗಿ ಮಗಳ ಮನೆ ಹುಡುಕಿದೆ. ಅವಳು ಮೊರದಲ್ಲಿ ಕಾಳು ಹಸನು ಮಾಡುತ್ತಿದ್ದಳು. ಮಾನ್ವಿಯ ಗುಮಾಸ್ತ ಎಂದೊಡನೆ ಚಾಪೆ ಹಾಸಿ, ನೀರು ಕೊಟ್ಟು, ಅಪ್ಪ ನಿಮ್ಮ ಹೆಸರು ಹೇಳುತ್ತಿದ್ದನೆಂದಳು. "ಕಡೀ ತನಕ ಒಂದು ಹುಚ್ಚು ಇತ್ತು ನೋಡ್ರಿ ಅವಗ. ಮನ್ಯಾಗ ಏನು ಕಾಳು ಬೇಯ್ಸಿದ್ರೂ ಎದ್ದು ಬಂದು, ಒಂದು ತಗದು ಹಿಸುಕಿ ನೋಡಿ ಹೋಗ್ತಿದ್ದ."

ಆಗ ಎಲ್ಲವನ್ನೂ ಹೇಳಿದೆ. ಬುಟ್ಟಿ, ತೌಡು, ಪಂಚೆಯಿಂದ ಒರೆಸಿದ್ದು, ಬಸ್ ನಿಲ್ದಾಣ. ಅವಳು ಅಳಲಿಲ್ಲ, ಬೈಯಲೂ ಇಲ್ಲ. ಮೊರವನ್ನು ಪಕ್ಕಕ್ಕಿಟ್ಟು ನನ್ನನ್ನು ನೋಡಿದಳು.

"ಇದನ್ನ ಅವನ ಮುಂದ ಹೇಳಬೇಕಿತ್ರೀ. ನನಗ್ಯಾಕ ಹೇಳಾಕತ್ತೀರಿ?"