ಭಾಗಮ್ಮನ ಗಾಜಿನ ಲೋಟ

ಬೆಳಗಿನ ಐದೂವರೆ. ಮಾದಿಹಳ್ಳಿ ಕಡೆಯ ಹಿರೇಕೆರೆಯ ಏರಿಯ ಬುಡದಲ್ಲಿ ಭಾಗಮ್ಮ ಕುಕ್ಕರುಗಾಲಿನಲ್ಲಿ ಕೂತಿದ್ದಾರೆ. ತಲೆಗೆ ಗೊಬ್ಬರದ ಚೀಲದ ಕೊಪ್ಪೆ, ಕೈಯಲ್ಲೊಂದು ಗಾಜಿನ ಲೋಟ. ಚಿತ್ತೆ ಮಳೆ ಮೂರು ದಿನದಿಂದ ಬಿಟ್ಟೂ ಬಿಡದೆ ಹೊಯ್ಯುತ್ತಿದೆ. ಕಲ್ಲುಸಂದಿಯಲ್ಲಿ ಜಿನುಗುವ ನೀರನ್ನು ಲೋಟಕ್ಕೆ ಹಿಡಿದು, ಟಾರ್ಚಿನ ಬೆಳಕಿಗೆ ಎತ್ತಿ ನೋಡುತ್ತಾರೆ. ನಿನ್ನೆ ತಿಳಿಯಾಗಿದ್ದ ನೀರು ಇವತ್ತು ಟೀ ಬಣ್ಣಕ್ಕೆ ತಿರುಗಿದೆ.

“ಏರಿ ಬೆವರಿದ್ರೆ ಪರವಾಗಿಲ್ಲ, ಮಣ್ಣು ಕಕ್ಕಬಾರ್ದು,” ಎನ್ನುತ್ತಾರೆ. ನೀರಿನ ಜೊತೆ ಮಣ್ಣು ಬಂತೆಂದರೆ ಏರಿ ಒಳಗೊಳಗೇ ಕರಗುತ್ತಿದೆ ಎಂದರ್ಥ. ಅದರ ಕೆಳಗೆ ಕೊಪ್ಪಲಿನ ನಲವತ್ತೆರಡು ಮನೆಗಳು ಇನ್ನೂ ಹೊದ್ದು ಮಲಗಿವೆ.

ಮೊದಲ ಫೋನು ಅಂಗನವಾಡಿಯ ದಿವ್ಯಾಗೆ. “ಎಲ್ರುನೂ ಎಬ್ಬಿಸಿ ದಿಬ್ಬದ ಸ್ಕೂಲಿಗೆ ಕರ್ಕೊಂಡು ಹೋಗವ್ವ. ಯಾಕೆ ಏನು ಅಂತ ಆಮೇಲೆ ಹೇಳ್ತೀನಿ.” ಆಮೇಲೆ ಕೋಡಿಯತ್ತ ಓಡುನಡಿಗೆ.

ಈ ಕೆರೆಯ ಏರಿ, ತೂಬು ನೋಡಿಕೊಳ್ಳುವ ನೀರಗಂಟಿಯಾಗಿದ್ದವರು ಇವರ ಗಂಡ ಜವರಣ್ಣ. ಹನ್ನೊಂದು ವರ್ಷದ ಹಿಂದೆ ತೂಬಿನ ಮೆಟ್ಟಿಲಲ್ಲಿ ಜಾರಿ ಸೊಂಟ ಮುರಿದುಕೊಂಡು ಮಂಚ ಹಿಡಿದರು. ಮಾರನೆಯ ದಿನವೇ ಅವರ ಕೋಲು ಭಾಗಮ್ಮನ ಕೈಗೆ ಬಂತು. ಯಾರೂ ನೇಮಿಸಲಿಲ್ಲ, ಯಾರೂ ಬೇಡವೆನ್ನಲೂ ಇಲ್ಲ. ದಿನಕ್ಕೆರಡು ಸಲ ಸಾವಿರದ ನೂರು ಹೆಜ್ಜೆಯ ಏರಿ ತಿರುಗುತ್ತಾರೆ. ಈ ಮಳೆಗಾಲದಲ್ಲಿ ಏರಿ ಕೊರೆಯುವ ಅರವತ್ತಮೂರು ಏಡಿಬಿಲ ಮುಚ್ಚಿದ್ದಾರೆ. ಸುಗ್ಗಿಯಲ್ಲಿ ನೆನಪಿಟ್ಟವರು ಒಂದಿಷ್ಟು ಭತ್ತ ಕೊಡುತ್ತಾರೆ, ಮರೆತವರು ಚೆನ್ನಾಗಿಯೇ ಮರೆಯುತ್ತಾರೆ. ಕೆರೆ ತುಂಬಿದಾಗ ಬಾಗಿನ ಬಿಡಲು ಬರುವ ದೊಡ್ಡವರ ಫೋಟೊದಲ್ಲಿ ಭಾಗಮ್ಮ ಒಮ್ಮೆಯೂ ಇಲ್ಲ. ಒಂದರಲ್ಲಿ ಮಾತ್ರ ಅವರ ಕೋಲಿನ ತುದಿ ಕಾಣುತ್ತದೆ.

ಕೋಡಿಯ ಹತ್ತಿರ ಬಂದಾಗ ಏರಿ ಮಣ್ಣು ಕಕ್ಕುವ ಕಾರಣ ಕಣ್ಣಿಗೆ ರಾಚುತ್ತದೆ. ಹೆಚ್ಚಾದ ನೀರು ಹರಿದುಹೋಗಬೇಕಾದ ಬಾಯಿಗೆ ಉದ್ದಕ್ಕೂ ಬಲೆ ಬಿಗಿದಿದೆ. ಕೋಡಿ ಬಿದ್ದರೆ ಮೀನೆಲ್ಲ ಹಳ್ಳ ಸೇರುತ್ತವೆಂದು ಮೀನಿನ ಗುತ್ತಿಗೆದಾರ ರಾತ್ರೋರಾತ್ರಿ ಕಟ್ಟಿಸಿದ್ದು. ಅದಕ್ಕೆ ಅಂತರಗಂಗೆ ಕಳೆ, ತೆಂಗಿನ ಗರಿ ಬಂದು ಮೆತ್ತಿಕೊಂಡು ಬಲೆಯೇ ಗೋಡೆಯಾಗಿದೆ. ನೀರು ಏರಿಯ ತಲೆ ಮುಟ್ಟಲು ಇನ್ನೊಂದು ಮೊಳ ಬಾಕಿ.

ಗುತ್ತಿಗೆದಾರ ದೇವೇಂದ್ರ ಬೇರೆ ಯಾರೂ ಅಲ್ಲ, ಭಾಗಮ್ಮನ ಮೈದುನನ ಮಗ. ಬಲೆ ನೋಡಲು ಕೊಪ್ಪಲಿನಿಂದ ಬೈಕಿನಲ್ಲಿ ಬಂದವನು ಭಾಗಮ್ಮ ಸೊಂಟದಿಂದ ತೆಗೆದ ಕುಡುಗೋಲು ಕಂಡು ಅಡ್ಡ ನಿಲ್ಲುತ್ತಾನೆ.

“ಕುಯ್ಯಬ್ಯಾಡ ದೊಡ್ಡವ್ವ. ಆಷಾಢದಲ್ಲಿ ಬಿಟ್ಟ ಮರಿ. ಇನ್ನೆರಡು ತಿಂಗಳು ತಡ್ಕೊ. ಮಳೆ ಈಗ ನಿಲ್ತದೆ.”

“ಮಳೆ ನಿನ್ನ ಮಾತು ಕೇಳ್ತದೇನ್ಲಾ?”

“ಏರಿಗೇನಾಗೈತೆ? ಗಟ್ಟಿಯಾಗೇ ಐತಲ್ಲ.”

ಭಾಗಮ್ಮ ವಾದಕ್ಕಿಳಿಯುವುದಿಲ್ಲ. ಸೆರಗಿನ ಮರೆಯಲ್ಲಿ ಹಿಡಿದು ತಂದ ಲೋಟವನ್ನು ಅವನ ಕೈಗಿಡುತ್ತಾರೆ. “ಏರಿ ಬುಡದ ನೀರು. ನಿನ್ನ ಮನೆ ನೆಟ್ಟಗೆ ಅದರ ಕೆಳಗೈತೆ. ಮಗು ಎದ್ದೈತೇನಪ್ಪ?”

ದೇವೇಂದ್ರನೂ ಈ ಏರಿಯ ಮೇಲೆ ಆಡಿ ಬೆಳೆದವನು. ಲೋಟದ ತಳದಲ್ಲಿ ಕೂತ ಕೆಮ್ಮಣ್ಣಿನ ಅರ್ಥ ಅವನಿಗೆ ಯಾರೂ ಹೇಳಿಕೊಡಬೇಕಿಲ್ಲ. ಕುಡುಗೋಲು ಕಿತ್ತುಕೊಂಡು ತಾನೇ ಎದೆಮಟ್ಟದ ನೀರಿಗಿಳಿದು ಹಗ್ಗ ಕತ್ತರಿಸುತ್ತಾನೆ. ಕಸದ ಗೋಡೆ ಕಿತ್ತುಕೊಂಡು ಹೋಗುತ್ತದೆ, ಜೊತೆಗೆ ಅವನ ಮೀನೂ. ನೀರು ಕೊಪ್ಪಲನ್ನು ಬಳಸಿ ಹೋಗುವ ಹಳ್ಳಕ್ಕೆ ಭೋರೆಂದು ಇಳಿಯುತ್ತದೆ. ಅವನು ದಡದಲ್ಲಿ ಕೂತು ಅಳುತ್ತಾನೆ. ಭಾಗಮ್ಮ ಅವನ ಪಕ್ಕ ಕೂರುತ್ತಾರೆ. ಮೀನುಮರಿ ಬಿಡುವಾಗ ಬಿಂದಿಗೆ ಹೊತ್ತವರು ಅವರೇ.

ಆಮೇಲೆ ಗಂಟೆಗೊಂದು ಲೋಟ. ಎಂಟಕ್ಕೆ ಕೆಂಪು, ಹತ್ತಕ್ಕೂ ಕೆಂಪು. ಸ್ಕೂಲಿನಿಂದ ದಿವ್ಯಾ ಫೋನು ಮಾಡಿದಾಗಲೆಲ್ಲ ಒಂದೇ ಉತ್ತರ: “ಇನ್ನೂ ಇಳೀಬ್ಯಾಡಿ.” ಕೆರೆಯ ನೀರು ಎರಡು ಮೊಳ ಇಳಿದ ಮೇಲೆ, ಮೂರು ಗಂಟೆಯ ಲೋಟದ ತಿಳಿನೀರಿನಾಚೆ ಬೆರಳಿನ ಗೆರೆ ಕಾಣುತ್ತದೆ.

ಕತ್ತಲಿಗೆ ಮುಂಚೆ ದಿಬ್ಬದ ಮೇಲಿನ ತಮ್ಮ ಮನೆಗೆ ಬಂದರೆ, ಮಂಚದ ಮೇಲಿನಿಂದ ಜವರಣ್ಣ ಹನ್ನೊಂದು ವರ್ಷದಿಂದ ಕೇಳುತ್ತಿರುವುದನ್ನೇ ಕೇಳುತ್ತಾರೆ.

“ಕೆರೇಲಿ ಏನಾಯ್ತಮ್ಮಿ?”

ಭಾಗಮ್ಮ ಕೊಪ್ಪೆ ಕೊಡವಿ, ಲೋಟ ತೊಳೆದು ಗೂಡಿನಲ್ಲಿ ಬೋರಲಿಡುತ್ತಾರೆ.

“ಏನೂ ಆಗ್ಲಿಲ್ಲ ಕಣ್ರೀ,” ಎನ್ನುತ್ತಾರೆ. “ಆಗಕ್ಕೆ ಬಿಡ್ಲಿಲ್ಲ.”