ಮುಟ್ಟಿದರೆ ನಿಲ್ಲುತ್ತಿದ್ದ ಹಮ್

ಕಳೆದ ವರ್ಷದ ಆಷಾಢದ ಮಾತು. ಆಗ ನಾನು ಟೆಲಿಫೋನ್ ಕಾರ್ಖಾನೆಯ ಟೆಸ್ಟಿಂಗ್ ವಿಭಾಗದಿಂದ ನಿವೃತ್ತಳಾಗಿ ಆರು ವರ್ಷವಾಗಿತ್ತು. ನೌಕರಿಯ ಕಾಲದುದ್ದಕ್ಕೂ ನಾನು ಪರೀಕ್ಷಿಸಿದ್ದು ಫೋನಿನ ಬಾಯಿಯನ್ನು, ಅಂದರೆ ನಾವು ಮಾತಾಡುವ ತುದಿಯಲ್ಲಿ ಕೂರುವ ಪುಟ್ಟ ಮೈಕನ್ನು. ಕಾರ್ಖಾನೆ ಬಿಟ್ಟರೂ ಕೈ ಸುಮ್ಮನಿರಲಿಲ್ಲ. ಕತ್ರಿಗುಪ್ಪೆಯ ನಮ್ಮ ಮನೆಯ ಸ್ಟೋರ್ ರೂಮಿನಿಂದ ಅಕ್ಕಿ ಡಬ್ಬಗಳನ್ನು ಎತ್ತಂಗಡಿ ಮಾಡಿಸಿ, ಅಲ್ಲೊಂದು ಮೇಜು ಹಾಕಿಕೊಂಡು, ಮನೆಯಲ್ಲೇ ಹಾಡು ರೆಕಾರ್ಡ್ ಮಾಡಿಕೊಳ್ಳುವ ಹವ್ಯಾಸಿಗಳಿಗೆ ಮೈಕ್ ಮಾಡಿಕೊಡಲು ಶುರುಮಾಡಿದೆ.

ನನ್ನ ಮೈಕಿನಲ್ಲಿ ಮಹಾ ವಿದ್ಯೆಯೇನೂ ಇಲ್ಲ. ಎಸ್.ಪಿ. ರಸ್ತೆಯಲ್ಲಿ ಸಿಗುವ, ನಾಣ್ಯದಷ್ಟು ಅಗಲದ ಕ್ಯಾಪ್ಸೂಲು ಅದರ ಕಿವಿ. ಮೈಗೆ ಹಿತ್ತಾಳೆಯ ಪೈಪು, ಮುಖಕ್ಕೆ ಟೀ ಸೋಸುವ ಸ್ಟೀಲ್ ಜಾಲರಿ. ನಮ್ಮ ಯಜಮಾನರು ಒಂದು ಬೆಳಿಗ್ಗೆ ಸೋಸಲು ಜಾಲರಿ ಸಿಗದೆ ಪಂಚೆಯ ಅಂಚಿನಲ್ಲಿ ಟೀ ಸೋಸಿದ್ದನ್ನು ಇಂದಿಗೂ ಬಂದವರಿಗೆಲ್ಲ ಹೇಳುತ್ತಾರೆ. ಹೊರಗಿನ ಕರೆಂಟಿನ ಗದ್ದಲ ಒಳಗೆ ನುಗ್ಗದಿರಲಿ ಎಂದು ಆ ಹಿತ್ತಾಳೆಯ ಮೈಯನ್ನು ಕೇಬಲಿನ ಗ್ರೌಂಡ್ ತಂತಿಗೆ ಬೆಸುಗೆ ಹಾಕಿರುತ್ತೇನೆ. ಎಲ್ಲೋ ಗ್ರೌಂಡ್ ಕೈಕೊಟ್ಟರೆ ಹಾಡಿನ ಹಿಂದೆ ‘ಹೂಂ’ ಎಂಬ ಸದ್ದು ಸೇರಿಕೊಳ್ಳುತ್ತದೆ. ನಾವು ಅದನ್ನು ಹಮ್ ಎನ್ನುತ್ತೇವೆ. ಹಮ್ ಬಂತೆಂದು ಗಿರಾಕಿ ಫೋನ್ ಮಾಡಿದರೆ ನನಗೆ ಮೊದಲು ಅವಮಾನವಾಗುತ್ತದೆ, ಆಮೇಲೆ ಸಿಟ್ಟು ಬರುತ್ತದೆ. ಹೆದರಿಕೆಯಾದದ್ದು ಒಂದೇ ಸಲ. ಅದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಶ್ರೀಪತಿರಾಯರು ಜೆ.ಪಿ. ನಗರದವರು. ಸಾರಕ್ಕಿ ಮಾರುಕಟ್ಟೆ ದಾಟಿ ಒಳಗೆ ಹೋದರೆ ಅವರ ಹಳೆಯ ಒಂದಂತಸ್ತಿನ ಮನೆ. ಅವರ ಹೆಂಡತಿ ರುಕ್ಮಿಣಮ್ಮ ಕಛೇರಿ ಕೊಟ್ಟವರಲ್ಲ, ಪದವಿ ಪಡೆದವರಲ್ಲ. ಆದರೆ ಅತ್ತೆಯಿಂದ ಕಲಿತ ಆರತಿ ಹಾಡು, ಹಸೆಗೆ ಕರೆಯುವ ಹಾಡು, ಮಗುವಿಗೆ ಎಣ್ಣೆ ಹಚ್ಚುವಾಗಿನ ಹಾಡು ಅವರ ಗಂಟಲಲ್ಲಿದ್ದವು. ಆ ಗಂಟಲಿಗೇ ಗ್ರಹಚಾರ ಬಂದಿತ್ತು. ಧ್ವನಿಪೆಟ್ಟಿಗೆಯಲ್ಲಿ ಗೆಡ್ಡೆ, ಆಪರೇಷನ್ ಆಗಲೇಬೇಕು, ಆದಮೇಲೆ ದನಿ ಹೀಗೆಯೇ ಇರುತ್ತದೆಂದು ಹೇಳಲಾರೆ ಎಂದಿದ್ದರು ಡಾಕ್ಟರು. ರಾಯರು ಗಾಬರಿಯಲ್ಲಿ ಮಾಡಿದ ಮೊದಲ ಕೆಲಸವೆಂದರೆ ನನ್ನ ವಿಳಾಸ ಹುಡುಕಿದ್ದು.

“ನಂಗೆ ಸ್ಟುಡಿಯೋ ಬೇಡ ಮೇಡಂ. ಅಲ್ಲಿ ಇವಳು ಬಾಯೇ ಬಿಡಲ್ಲ. ಮನೇಲಿ, ದೇವರ ಮುಂದೆ ಹಾಡೋ ಹಾಗೇ ಬೇಕು,” ಎಂದರು.

ಮೈಕ್ ತೆಗೆದುಕೊಂಡು ನಾನೇ ಅವರ ಮನೆಗೆ ಹೋದೆ. ನನ್ನ ಲ್ಯಾಪ್‌ಟಾಪನ್ನು ಬ್ಯಾಟರಿಯಲ್ಲೇ ನಡೆಸಿ ಪರೀಕ್ಷಿಸಿದೆ. ಸದ್ದು ತಿಳಿನೀರಿನಂತಿತ್ತು. ಅಕ್ಕನ ಮಗನ ಲ್ಯಾಪ್‌ಟಾಪ್ ತಂದು, ಅದನ್ನೂ ಬ್ಯಾಟರಿಯಲ್ಲೇ ನಡೆಸಿ, ರೆಕಾರ್ಡಿಂಗ್ ತಾವೇ ಮಾಡಿಕೊಳ್ಳುವುದಾಗಿ ರಾಯರು ಹೇಳಿದರು. ರುಕ್ಮಿಣಮ್ಮನಿಗೆ ಮಾತ್ರ ಈ ಏರ್ಪಾಡು ಇಷ್ಟವಿರಲಿಲ್ಲ. “ಹೋಗೇ ಹೋಗುತ್ತೆ ಅಂತ ಮೊದ್ಲೇ ಹಿಡಿದಿಟ್ಕೊಂಡ ಹಾಗಾಗುತ್ತಲ್ವಾ ಸರೋಜಮ್ಮ? ಯಾಕೋ ಭಯ ಆಗುತ್ತೆ,” ಎಂದರು. ನಾನು ಕೈ ತೊಳೆಯಲು ಬಚ್ಚಲಿಗೆ ಹೊರಟೆ. ಅವರು ಹಿಂದಿನಿಂದ ಓಡಿಬಂದರು.

“ತಾಳಿ ತಾಳಿ, ಗೀಸರ್ ಆಫ್ ಮಾಡ್ತೀನಿ. ಇಲ್ದಿದ್ರೆ ನಲ್ಲಿ ಜುಮ್ ಅನ್ನುತ್ತೆ.”

ನೋಡಿದರೆ ನಲ್ಲಿಯ ತಲೆಗೆ ಒಂದು ಬಟ್ಟೆ ಸುತ್ತಿತ್ತು. ಫ್ರಿಜ್ಜಿನ ಹಿಡಿಗೂ ಅಂಥದೇ ಬಟ್ಟೆ. ಮನೆಮಂದಿಯೆಲ್ಲ ಒಳಗೂ ರಬ್ಬರ್ ಚಪ್ಪಲಿ ಹಾಕಿಕೊಂಡು ಓಡಾಡುತ್ತಿದ್ದರು. ಕಾಯಿಲೆಗೆ ಒಗ್ಗಿಕೊಂಡಂತೆ ಆ ಮನೆಯವರು ಷಾಕಿಗೂ ಒಗ್ಗಿಕೊಂಡಿದ್ದರು. “ಇದು ತಮಾಷೆ ಅಲ್ಲ ರಾಯರೇ, ನಿಮ್ಮನೆ ಅರ್ಥಿಂಗ್ ಹೋಗಿದೆ. ಇವತ್ತೇ ಎಲೆಕ್ಟ್ರಿಷಿಯನ್ ಕರೆಸಿ,” ಎಂದೆ. ಹೊರಡುವಾಗ ಗೇಟಿನಲ್ಲಿ ನಿಂತು ಇನ್ನೊಮ್ಮೆ ಹೇಳಿದೆ. “ಕರೆಸೋಣ ಮೇಡಂ, ಆಪರೇಷನ್ ಒಂದು ಮುಗೀಲಿ,” ಎಂದರು ರಾಯರು. ಆ ಮನೆಯಲ್ಲಿ ಆಗ ಎಲ್ಲ ಕೆಲಸಗಳೂ ಆಪರೇಷನ್ನಿನ ಆಚೆಗೆ ಹೋಗಿ ಕೂತಿದ್ದವು.

ಅರ್ಥಿಂಗ್ ಎಂದರೇನೆಂದು ಗೊತ್ತಿಲ್ಲದವರಿಗೆ ಒಂದು ಮಾತು. ಮೂರು ಕಡ್ಡಿಯ ಪ್ಲಗ್ಗಿನಲ್ಲಿ ದಪ್ಪದ ಕಡ್ಡಿಯಿಂದ ಹೊರಟ ತಂತಿ ಅಂಗಳದ ಗುಂಡಿಯಲ್ಲಿ ಹೂತ ಲೋಹಕ್ಕೆ ಸೇರಬೇಕು. ಯಾವುದಾದರೂ ಯಂತ್ರದಿಂದ ಕರೆಂಟು ಸೋರಿದರೆ ಅದು ಆ ದಾರಿಯಲ್ಲಿ ಮಣ್ಣಿಗೆ ಹೋಗುತ್ತದೆ. ಆ ತಂತಿ ನಡುವೆ ಎಲ್ಲೋ ತುಂಡಾದರೆ, ಸೋರಿದ ಕರೆಂಟು ಅದೇ ತಂತಿಯಲ್ಲಿ ಹಿಂದೆ ಬಂದು, ಮನೆಯಲ್ಲಿ ಮೂರು ಕಡ್ಡಿಯ ಪ್ಲಗ್ಗಿರುವ ಪ್ರತಿಯೊಂದು ವಸ್ತುವಿನ ಮೈಮೇಲೂ ಕೂತುಕೊಳ್ಳುತ್ತದೆ. ಇಂಥ ಹೊತ್ತಿನಲ್ಲಿ ತಾನೇ ಬಿದ್ದು ಕರೆಂಟು ನಿಲ್ಲಿಸುವ ಇ.ಎಲ್.ಸಿ.ಬಿ. ಎಂಬ ಸ್ವಿಚ್ಚೊಂದಿದೆ. ರಾಯರ ಹಳೆಯ ಮನೆಯಲ್ಲಿ ಅದಿರಲಿಲ್ಲ. ಮೈಕು ಬ್ಯಾಟರಿಯ ಲ್ಯಾಪ್‌ಟಾಪಿಗೆ ಅಂಟಿಕೊಂಡಿರುವವರೆಗೆ ಆ ತಂತಿಗೂ ಅದಕ್ಕೂ ಸಂಬಂಧವಿಲ್ಲ ಎಂಬುದೊಂದೇ ನನಗಿದ್ದ ಸಮಾಧಾನ.

ರೆಕಾರ್ಡಿಂಗಿಗೆ ನನ್ನ ಕಟ್ಟಪ್ಪಣೆಗಳಿರುತ್ತವೆ. ಫೋನುಗಳೆಲ್ಲ ಏರೋಪ್ಲೇನ್ ಮೋಡಿಗೆ ಹೋಗಬೇಕು, ಇಲ್ಲದಿದ್ದರೆ ಮೈಕಿನಲ್ಲಿ ಟಿಕಟಿಕ ಕೇಳುತ್ತದೆ. ಫ್ಯಾನ್ ನಿಲ್ಲಿಸಿ, ಕಿಟಕಿ ಮುಚ್ಚಿ, ಬಾಗಿಲಿಗೆ ರಜಾಯಿ ಇಳಿಬಿಡಬೇಕು. ಕಾಲಿಂಗ್ ಬೆಲ್ಲಿನ ತಂತಿ ಕಳಚಬೇಕು. “ಒಳ್ಳೇ ಕರ್ಫ್ಯೂ ಕಣ್ರೀ ಇದು,” ಎಂದು ರುಕ್ಮಿಣಮ್ಮ ಆ ದಿನ ಮೊದಲ ಬಾರಿ ನಕ್ಕಿದ್ದರು.

ಆಸ್ಪತ್ರೆಗೆ ಸೇರುವುದು ನಾಳೆ ಎನ್ನುವ ದಿನ ಬೆಳಿಗ್ಗೆ ಕಾಫಿ ಕುಡಿಯುತ್ತ ಫೋನ್ ನೋಡಿದೆ. ಹಿಂದಿನ ಸಂಜೆಯೇ ರಾಯರು ಕಳಿಸಿದ್ದ ಸಂದೇಶವೊಂದಿತ್ತು. ಅಕ್ಕನ ಮಗನಿಂದ ತಂದಿದ್ದ ಲ್ಯಾಪ್‌ಟಾಪ್ ಕೆಟ್ಟಿತ್ತಂತೆ, ಮೂಲೆಯಲ್ಲಿದ್ದ ಹಳೆಯ ಡೆಸ್ಕ್‌ಟಾಪಿಗೆ ಮೈಕ್ ಜೋಡಿಸಿದ್ದರಂತೆ. ಕೆಳಗೆ ಅವರದೇ ದನಿಯ ಆಡಿಯೋ.

“ಮೇಡಂ, ಹಮ್ ಬರ್ತಿತ್ತು, ಔಷಧಿ ನಾನೇ ಕಂಡುಹಿಡಿದೆ! ಮೈಕ್ ಕೈಯಲ್ಲಿ ಹಿಡ್ಕೊಂಡ್ರೆ ಹಮ್ ನಿಂತೋಗುತ್ತೆ. ಕೇಳಿ ಬೇಕಾದ್ರೆ.” ‘ಹೂಂ’ ಎನ್ನುತ್ತಿದ್ದ ಸದ್ದು ಥಟ್ಟನೆ ನಿಂತಿತು. ಬಿಟ್ಟರು, ಮತ್ತೆ ಬಂತು. “ಸ್ವಲ್ಪ ಜುಮ್ ಅನ್ನುತ್ತೆ ಅಷ್ಟೇ. ನಾಳೆ ಬೆಳಿಗ್ಗೆ ಸ್ನಾನ ಮಾಡಿ ಮಡೀಲೇ ಹಾಡ್ತಾಳಂತೆ. ಕೈಯಲ್ಲಿ ಹಿಡ್ಕೊಂಡೇ ಹಾಡು ಅಂದಿದೀನಿ.”

ಡೆಸ್ಕ್‌ಟಾಪಿಗೆ ಮೂರು ಕಡ್ಡಿಯ ಪ್ಲಗ್ಗಿರುತ್ತದೆ. ಅದರಿಂದ ಮನೆಯ ತುಂಡಾದ ಅರ್ಥ್ ತಂತಿ, ಕೇಬಲಿನ ಮೂಲಕ ನನ್ನ ಮೈಕಿನ ಹಿತ್ತಾಳೆಯ ಮೈವರೆಗೆ ಬಂದು ಮುಟ್ಟಿತ್ತು. ಹಮ್ ನಿಂತದ್ದು ಯಾಕೆ? ರಾಯರ ಮೈಯೇ ಆ ಮನೆಯ ಅರ್ಥಿಂಗ್ ಆಗಿತ್ತು, ಅದಕ್ಕೆ. ಸಂಜೆ ಗೀಸರ್ ಆಫ್ ಆಗಿದ್ದು, ಕಾಲಲ್ಲಿ ರಬ್ಬರ್ ಚಪ್ಪಲಿಯೂ ಇದ್ದದ್ದರಿಂದ ಕಂಪ್ಯೂಟರಿನ ಸಣ್ಣ ಸೋರಿಕೆ ಮಾತ್ರ ಅವರನ್ನು ಜುಮ್ಮೆನಿಸಿತ್ತು. ಬೆಳಿಗ್ಗೆ ಹಾಗಲ್ಲ. ಸ್ನಾನಕ್ಕೆ ಗೀಸರ್ ಹಾಕಿರುತ್ತಾರೆ, ಅದರ ಸೋರಿಕೆ ಅಸಲಿ ಸೋರಿಕೆ. ಮಡಿಯೆಂದರೆ ನೀರಿನಲ್ಲಿ ಹಿಂಡಿದ ಒದ್ದೆ ಸೀರೆ, ಬರಿಗಾಲು, ನೀರು ತೊಟ್ಟಿಕ್ಕುವ ನೆಲ. ಆ ಸ್ಥಿತಿಯಲ್ಲಿ ರುಕ್ಮಿಣಮ್ಮ ನನ್ನ ಮೈಕನ್ನು ಮುಷ್ಟಿಯಲ್ಲಿ ಹಿಡಿದರೆ ಬಿಡಿಸಿಕೊಳ್ಳಲೂ ಆಗುವುದಿಲ್ಲ.

ಫೋನ್ ಮಾಡಿದೆ. ಸ್ವಿಚ್ ಆಫ್. ರುಕ್ಮಿಣಮ್ಮನ ನಂಬರೂ ಹಾಗೇ. ಏರೋಪ್ಲೇನ್ ಮೋಡು, ನನ್ನದೇ ಆಜ್ಞೆ.

ಟೆಸ್ಟ್ ಲ್ಯಾಂಪನ್ನು ಚೀಲಕ್ಕೆ ತುರುಕಿ ಸ್ಕೂಟರ್ ಹತ್ತಿದೆ. ಹೆಲ್ಮೆಟ್ ಹಾಕಿಕೊಂಡೆನೋ ಇಲ್ಲವೋ ನೆನಪಿಲ್ಲ. ಕತ್ರಿಗುಪ್ಪೆಯಿಂದ ರಿಂಗ್ ರೋಡು ಹಿಡಿದು ಕದಿರೇನಹಳ್ಳಿ ಅಂಡರ್‌ಪಾಸ್ ದಾಟುವವರೆಗೆ ಹೇಗೋ ಆಯಿತು. ಸಾರಕ್ಕಿ ಸಿಗ್ನಲಿನಲ್ಲಿ ವಾಹನಗಳು ಗೋಡೆಯಂತೆ ನಿಂತಿದ್ದವು. ಮುಂದಿದ್ದ ಆಟೋದವರನ್ನು “ಅಣ್ಣ, ಸ್ವಲ್ಪ ಜಾಗ ಬಿಡಿ, ಜೀವದ ವಿಷಯ,” ಎಂದು ಬೇಡಿದೆ. “ಬಿಡಕ್ಕೆ ಜಾಗ ಎಲ್ಲಿದೆ ಅಕ್ಕ? ನೀವೇ ನೋಡಿ,” ಎಂದರು. ನಿಜ, ಜಾಗವಿರಲಿಲ್ಲ. ಅಲ್ಲಿ ನಿಂತಷ್ಟು ಹೊತ್ತೂ ಕಿವಿಯಲ್ಲಿ ಆ ಹಮ್ ಮೊಳಗುತ್ತಿತ್ತು. ಅದು ಮೊಳಗುತ್ತಿರುವವರೆಗೆ ಆಕೆ ಮೈಕ್ ಮುಟ್ಟಿಲ್ಲ, ನಿಂತರೆ ಮುಟ್ಟಿದರು ಎಂದೇ ಅರ್ಥ ಎಂದು ಲೆಕ್ಕ ಹಾಕುತ್ತಿದ್ದೆ. ನಾನು ಮಾಡಿದ ಒಂದು ವಸ್ತು ಒಬ್ಬರ ಪ್ರಾಣ ತೆಗೆಯಬಹುದೆಂದು ಅಷ್ಟು ವರ್ಷದ ನೌಕರಿಯಲ್ಲಿ ಎಂದೂ ಯೋಚಿಸಿರಲಿಲ್ಲ.

ಮನೆ ಮುಟ್ಟಿದಾಗ ಕಿಟಕಿಗಳೆಲ್ಲ ಮುಚ್ಚಿದ್ದವು. ಬೆಲ್ ಒತ್ತಿದೆ, ಸದ್ದಿಲ್ಲ. ಬಾಗಿಲು ಬಡಿಯಲು ಎತ್ತಿದ ಕೈ ಹಾಗೇ ನಿಂತಿತು. ಒಳಗಿನ ಕೋಣೆಯಿಂದ, ರಜಾಯಿಯ ಆಚೆಯಿಂದ, ರುಕ್ಮಿಣಮ್ಮನ ದನಿ ಕೇಳುತ್ತಿತ್ತು. ಆರತಿ ಹಾಡು. ಬದುಕಿದ್ದಾರೆ! ಬಡಿದರೆ ಬೆಚ್ಚಿ ಎದುರಿಗಿರುವ ಮೈಕ್ ಸ್ಟ್ಯಾಂಡನ್ನು ಹಿಡಿದುಬಿಟ್ಟರೆ? ಅದೂ ಲೋಹದ್ದೇ. ಬಡಿಯದೆ ನಾನು ಸುಮ್ಮನಿದ್ದು, ಅವರು ಹಾಡಿನ ನಡುವೆ ಮೈಕಿಗೆ ಕೈ ಹಾಕಿದರೆ?

ಆಗ ಕಣ್ಣಿಗೆ ಬಿತ್ತು, ಮೆಟ್ಟಿಲ ಕೆಳಗಿನ ಮೀಟರ್ ಬೋರ್ಡು. ಓಡಿಹೋಗಿ ಮೇನ್ ಸ್ವಿಚ್ ಕೆಳಗೆಳೆದೆ.

ಹಾಡು ಒಂದು ಸಾಲು ಮುಂದುವರಿದು ನಿಂತಿತು. ಕರೆಂಟು ಹೋದದ್ದಕ್ಕೆ ನಿಂತಿತೋ, ನಾನು ಸ್ವಿಚ್ ಎಳೆಯುವ ಕ್ಷಣಕ್ಕೆ ಸರಿಯಾಗಿ ಅವರು ಮೈಕ್ ಮುಟ್ಟಿದ್ದರೋ? ಈಗ ಬಾಗಿಲನ್ನು ಎರಡೂ ಕೈಯಲ್ಲಿ ಬಡಿದೆ. ಒಳಗಿನಿಂದ ಯಾರೂ ಬರಲಿಲ್ಲ. ಕೊನೆಗೆ ಚಿಲಕದ ಸದ್ದಾಯಿತು. ರಾಯರು ಕೆಂಡವಾಗಿದ್ದರು.

“ಕರೆಂಟ್ ತೆಗೆದಿದ್ದು ನೀವಾ? ಏನ್ ಮಾಡ್ಬಿಟ್ರಿ ಮೇಡಂ! ಹಾಡು ಮುಗೀತಾ ಬಂದಿತ್ತು, ಎಲ್ಲಾ ಹೋಯ್ತಲ್ಲ!”

“ರುಕ್ಮಿಣಮ್ಮ ಎಲ್ಲಿ?”

ಅವರ ಹಿಂದೆ, ಒದ್ದೆ ಸೀರೆಯಲ್ಲಿ, ಕೂದಲ ತುದಿಯಿಂದ ನೀರು ಇಳಿಯುತ್ತ ಆಕೆ ನಿಂತಿದ್ದರು. ಹೊಸಿಲಿನ ಪಕ್ಕದಲ್ಲೇ ಕುಸಿದು ಕೂತು ಅತ್ತುಬಿಟ್ಟೆ.

“ಮೈಕ್ ಮುಟ್ಟಿದ್ರಾ?” ಎಂದೆ.

“ಇಲ್ಲ ಕಣ್ರೀ. ಹಿಡ್ಕೋ ಹಿಡ್ಕೋ ಅಂತ ಇವ್ರು ಒಂದೇ ಸಮ. ಮಡೀಲಿ ಹೆಂಗೆ ಮುಟ್ಲಿ, ಎಲ್ಲಾರೂ ಮುಟ್ಟಿರೋದು ಅಂದೆ. ಆರತಿ ಹಾಡು ಹಮ್ ಜೊತೆಗೇ ಇರ್ಲಿ, ಪೂಜೆ ಆದ್ಮೇಲೆ ಮಿಕ್ಕಿದ್ದು ಹಿಡ್ಕೊಂಡು ಹಾಡ್ತೀನಿ ಅಂದೆ.”

ಅವರನ್ನು ನೀರಿಗೂ ಬರಿಗಾಲಿಗೂ ಇಳಿಸಿದ್ದು ಮಡಿ, ಮೈಕಿನಿಂದ ದೂರ ನಿಲ್ಲಿಸಿದ್ದೂ ಅದೇ ಮಡಿ. ನಾನು ಮಡಿ ಮಾಡುವವಳಲ್ಲ, ಮಾಡುವವರನ್ನು ಕಂಡರೆ ಮೂಗು ಮುರಿಯುವವಳೇ. ಅವತ್ತು ಮುರಿಯಲಿಲ್ಲ.

ರಾಯರಿಗೆ ಮಾತಿನಲ್ಲಿ ಹೇಳಿದರೆ ಸಾಲದು ಎನಿಸಿತು. ಟೆಸ್ಟ್ ಲ್ಯಾಂಪ್ ಎಂದರೆ ಹೋಲ್ಡರಿಗೆ ಎರಡು ತಂತಿ ಕಟ್ಟಿದ ಸಣ್ಣ ಬಲ್ಬು. ಟೆಸ್ಟರಿನ ಕೆಂಪು ದೀಪ ಅಲ್ಪಸ್ವಲ್ಪ ಸೋರಿಕೆಗೂ ಮಿನುಗುತ್ತದೆ, ಬಲ್ಬು ಮಾತ್ರ ಮೈ ಸುಡುವಷ್ಟು ಕರೆಂಟಿದ್ದರೇ ಉರಿಯುತ್ತದೆ. ಒಂದು ತಂತಿಯನ್ನು ಮೈಕಿನ ಹಿತ್ತಾಳೆಗೆ, ಇನ್ನೊಂದನ್ನು ಉದ್ದ ವಯರಿನಿಂದ ಗೇಟಿನ ಬಳಿ ಮಣ್ಣಲ್ಲಿ ಹೂತ ಕಬ್ಬಿಣದ ಕಂಬಕ್ಕೆ ಕಟ್ಟಿದೆ. ಇಬ್ಬರನ್ನೂ ದೂರ ನಿಲ್ಲಿಸಿ, ಗೀಸರ್ ಆರಿಸಿ ಮೇನ್ ಹಾಕಿದೆ. ಬಲ್ಬು ಕತ್ತಲಾಗಿಯೇ ಇತ್ತು. ರಾಯರ ಮುಖದಲ್ಲಿ ‘ಇಷ್ಟಕ್ಕೇನಾ’ ಎಂಬ ಭಾವ. ಆಮೇಲೆ ಗೀಸರ್ ಹಾಕಿದೆ.

ಬಲ್ಬು ಹತ್ತಿಕೊಂಡಿತು.

ರಾಯರು ಬಲ್ಬು ನೋಡಿದರು, ಹೆಂಡತಿಯ ಒದ್ದೆ ಪಾದ ನೋಡಿದರು. “ಹಿಡ್ಕೋ ಅಂದಿದ್ದು ನಾನೇ,” ಎಂದರು. ಗೋಡೆಗೆ ಒರಗಿ ಕೂತರು. ರುಕ್ಮಿಣಮ್ಮ ಅಡುಗೆಮನೆಗೆ ಹೋಗಿ ಅವರಿಗೆ ನೀರು ತಂದರು.

ಅಂದೇ ಎಲೆಕ್ಟ್ರಿಷಿಯನ್ ಬಂದರು. ಕಾಂಪೌಂಡ್ ಎತ್ತರಿಸುವಾಗ ಅರ್ಥಿನ ಗುಂಡಿ ಮುಚ್ಚಿ ತಂತಿ ಕತ್ತರಿಸಿ ಹೋಗಿತ್ತು. ಹೊಸ ಗುಂಡಿ ತೋಡುವುದು ಆ ದಿನಕ್ಕೆ ಮುಗಿಯುವ ಕೆಲಸವಲ್ಲ, ಮರುದಿನ ಆಸ್ಪತ್ರೆ. ನಾನು ಮನೆಗೆ ಹೋಗಿ ನನ್ನ ಲ್ಯಾಪ್‌ಟಾಪ್ ತಂದೆ. ಮೇನ್ ಸ್ವಿಚ್ ಇಳಿಸಿ, ಇಡೀ ಮನೆಯ ಕರೆಂಟು ತೆಗೆದು, ಮಧ್ಯಾಹ್ನದ ಬೆಳಕಿನಲ್ಲಿ ಕೂತೆವು. ಫ್ರಿಜ್ಜಿನ ಗುರುಗುಟ್ಟುವಿಕೆಯೂ ಇಲ್ಲದ ಆ ಮನೆಯಲ್ಲಿ ರುಕ್ಮಿಣಮ್ಮ ಒಣಸೀರೆ ಉಟ್ಟು ತಮಗೆ ಬರುವ ಹಾಡುಗಳನ್ನೆಲ್ಲ ಹಾಡಿದರು. ಬೆಳಿಗ್ಗೆ ಕಳೆದುಹೋದ ಆರತಿ ಹಾಡನ್ನು ಕೊನೆಗೆ ಮತ್ತೆ ಎತ್ತಿಕೊಂಡರು. ನಡುವೆ ಎರಡು ಕಡೆ ದನಿ ಒಡೆಯಿತು. “ಅದು ಹಾಗೇ ಇರ್ಲಿ,” ಎಂದರು ರಾಯರು.

ಕಾರ್ಖಾನೆ ನನಗೆ ಕಲಿಸಿದ್ದು ಬೇಡದ ಸದ್ದನ್ನು ಅಡಗಿಸುವುದನ್ನು. ಆ ಬೆಳಿಗ್ಗೆಯಿಂದ ನಾನು ಕಲಿತದ್ದು ಬೇರೆ. ಬೇಡದ ಸದ್ದು ಏನನ್ನೋ ಹೇಳಲು ಬಂದಿರುತ್ತದೆ, ಅದು ಹೇಳುವುದನ್ನು ಕೇಳುವ ಮುನ್ನ ಅದರ ಬಾಯಿ ಮುಚ್ಚಿಸಬಾರದು. ಈಗ “ಹಮ್ ನಿಂತಿತು” ಎಂದು ಯಾರಾದರೂ ಖುಷಿಯಿಂದ ಫೋನ್ ಮಾಡಿದರೆ ನಾನು ಖುಷಿಪಡುವುದಿಲ್ಲ, ಯಾಕೆ ನಿಂತಿತು ಎಂದು ಕೇಳುತ್ತೇನೆ. ಮೈಕ್ ಕೊಡಲು ಹೋದ ಮನೆಯಲ್ಲಿ ಮೊದಲು ಬಚ್ಚಲಿಗೆ ಹೋಗಿ ನಲ್ಲಿ ನೋಡುತ್ತೇನೆ. ಈಯಮ್ಮನಿಗೆ ಏನಾಗಿದೆ ಎಂದು ಜನ ನಗುತ್ತಾರೆ, ನಗಲಿ.

ದಸರೆಯ ಹೊತ್ತಿಗೆ ಒಂದು ಫೋನ್ ಬಂತು. ಒರಟಾದ, ಗಾಳಿಯೇ ಹೆಚ್ಚಾಗಿದ್ದ ಅಪರಿಚಿತ ದನಿ. ಯಾರು ಮಾತಾಡುತ್ತಿರುವುದು ಎಂದು ಕೇಳಿದೆ.

“ನಾನೇ ಕಣ್ರೀ, ರುಕ್ಮಿಣಿ. ಗುರುತು ಸಿಗ್ಲಿಲ್ವಾ? ಬಿಡಿ, ನಂಗೂ ಸಿಗಲ್ಲ.” ಉಸಿರು ತೆಗೆದುಕೊಳ್ಳಲು ನಿಂತರು. “ನಲ್ಲಿ ಈಗ ಜುಮ್ ಅನ್ನಲ್ಲ. ಬಟ್ಟೆ ಬಿಚ್ಚಿ ಹಾಕ್ದೆ. ಅದನ್ನೇ ಹೇಳೋಣ ಅಂತ ಫೋನ್ ಮಾಡ್ದೆ.”