ತಗಡಿನ ಮೇಲೆ ಪ್ಲಾಟಿನಂ

ಸಂಶೋಧನಾಲಯದಲ್ಲಿ ಎಲ್ಲರೂ ಅವನನ್ನು ತಗಡು ಎಂದೇ ಕರೆಯುತ್ತಿದ್ದರು. ತೆಳುಪದರದ ಸೌರಕೋಶಗಳಿಂದ ನೀರನ್ನು ಒಡೆದು ಹೈಡ್ರೋಜನ್ ತೆಗೆಯುವುದು ಅಲ್ಲಿನ ಕಸುಬು. ಅದಕ್ಕೆ ವೇಗವರ್ಧಕವಾಗಿ ಬಳಸುವ ಪ್ಲಾಟಿನಂ ದುಬಾರಿ. ಅದರ ಜಾಗದಲ್ಲಿ ಅಗ್ಗದ ಮಿಶ್ರಲೋಹವೊಂದನ್ನು ಕೂರಿಸುವ ಕೆಲಸ ಇವನ ತಲೆಗೆ ಬಿದ್ದಿತ್ತು; ಆ ಹೆಸರು ಅಂಟಿದ್ದೂ ಅದರಿಂದಲೇ. ಓದಿದ್ದಕ್ಕೆ ಸಿಕ್ಕಿದ್ದು ತಾತ್ಕಾಲಿಕ ಹುದ್ದೆ, ಮದುವೆಯಾದದ್ದಕ್ಕೆ ಸಿಕ್ಕಿದ್ದು ಅತ್ತೆಮನೆಯ ಹಜಾರ. ಅತ್ತೆಯ ಟಿವಿ ಆರಿದ ಮೇಲೆಯೇ ಗಂಡಹೆಂಡತಿ ಹಾಸಿಗೆ ಬಿಚ್ಚಬೇಕು. ಹುದ್ದೆ ಮುಂದುವರಿದರೆ ಬೇರೆ ಮನೆ ಹಿಡಿಯೋಣವೆಂದು ಹೆಂಡತಿ ಒಂದು ಕಡೆ ಮಾತಾಡಿಯೂ ಇಟ್ಟಿದ್ದಳು. ಹುದ್ದೆ ಮುಂದುವರಿಯಬೇಕಾದರೆ ಆ ಮಿಶ್ರಲೋಹದ ತಗಡು ಕೆಲಸ ಮಾಡಬೇಕು.

ಮಾಡಿತು. ತಲೆನೋವು ಶುರುವಾದದ್ದೇ ಅಲ್ಲಿಂದ.

ಪರೀಕ್ಷೆ ಸರಳ. ಆಮ್ಲದ ಪಾತ್ರೆಯಲ್ಲಿ ಈ ಕಡೆ ಅವನ ಲೋಹ, ಎದುರಿಗೆ ಪ್ಲಾಟಿನಂ ತಂತಿ, ನಡುವೆ ವಿದ್ಯುತ್ತು. ದಿನದಿಂದ ದಿನಕ್ಕೆ ಅವನ ಕಡೆ ಹೈಡ್ರೋಜನ್ ಗುಳ್ಳೆ ಜಾಸ್ತಿಯಾಗುತ್ತಾ ಹೋಯಿತು. ಸಂಶೋಧನೆಗೆ ಮಾರ್ಗದರ್ಶಕರಾಗಿದ್ದ ಮೇಷ್ಟ್ರು ಬೆನ್ನು ತಟ್ಟಿ, ಸಮ್ಮೇಳನಕ್ಕೆ ಅವನ ಹೆಸರು ಕಳಿಸಿದರು. ಅವನಿಗೆ ಮಾತ್ರ ಊಟ ಸೇರಲಿಲ್ಲ. ಚಪ್ಪಲಿ, ಸ್ಕೂಟರಿನ ಬ್ರೇಕು, ತನ್ನದೇ ಸೊಂಟ, ಎಲ್ಲವೂ ಬಳಸಿದಷ್ಟೂ ಸವೆದದ್ದನ್ನೇ ಅವನು ಕಂಡವನು. ಬಳಸಿದಷ್ಟೂ ಚುರುಕಾಗುವ ವಸ್ತು ಅವನಿಗೆ ಗೊತ್ತಿದ್ದದ್ದು ಅತ್ತೆಯ ನಾಲಿಗೆ ಒಂದೇ.

“ಅಕ್ಕಾ, ಇದು ದಿನಾ ಚೆನ್ನಾಗಾಗ್ತಾ ಇದೆ,” ಎಂದ, ಪಕ್ಕದ ಮೇಜಿನ ಹಿರಿಯ ಸಹೋದ್ಯೋಗಿಗೆ.

“ಅದಕ್ಕೂ ಅಳ್ತೀಯಲ್ಲೋ ಮಾರಾಯ! ಕೆಟ್ರೂ ಅಳು, ಕೆಡದಿದ್ರೂ ಅಳು.”

“ಯಾಕೆ ಅಂತ ಗೊತ್ತಾಗ್ತಿಲ್ಲ.”

“ಸಮ್ಮೇಳನ ಮುಗಿದ್ಮೇಲೆ ಗೊತ್ತು ಮಾಡ್ಕೊ.”

ಒಳ್ಳೆಯ ಸಲಹೆ. ಅಂಥದ್ದನ್ನು ಕೇಳುವ ಬುದ್ಧಿಯಿದ್ದಿದ್ದರೆ ಅವನು ಇಷ್ಟೊತ್ತಿಗೆ ಎಲ್ಲೋ ನೆಲೆ ನಿಂತಿರುತ್ತಿದ್ದ. ಪ್ಲಾಟಿನಂ ತಂತಿ ತೆಗೆದು ಗ್ರಾಫೈಟ್ ಕಡ್ಡಿ ಇಟ್ಟ, ತನ್ನ ಲೋಹದ ಹೊಸ ತುಂಡು ಹಾಕಿದ. ಗುಳ್ಳೆಗಳು ಸೋಮಾರಿಗಳಂತೆ ಒಂದೊಂದೇ ಎದ್ದವು. ದಿನಗಟ್ಟಲೆ ಕಾದರೂ ಹೆಚ್ಚಲಿಲ್ಲ. ಅಲ್ಲಿಗೆ ವಿಷಯ ತಿಳಿಯಿತು. ಆಮ್ಲದಲ್ಲಿ ತಂತಿಯೇ ಕಣಕಣವಾಗಿ ಕರಗಿ ಬಂದು ಇವನ ಲೋಹದ ಮೇಲೆ ಕೂರುತ್ತಿತ್ತು. ಇಷ್ಟು ದಿನ ತಗಡು ಮೆರೆದದ್ದು ಎರವಲು ಒಡವೆಯಲ್ಲಿ.

ವಿಷಯ ಕೇಳಿ ಮೇಷ್ಟ್ರು ಕನ್ನಡಕ ತೆಗೆದು ಕಣ್ಣುಜ್ಜಿಕೊಂಡರು. “ಗ್ರಾಫೈಟ್ ಹಾಕು ಅಂತ ನಿಂಗೆ ಯಾರಪ್ಪಾ ಹೇಳಿದ್ದು?”

“ಯಾರೂ ಇಲ್ಲ ಸರ್.”

“ನಾನು ಹೇಳ್ಬೇಕಿತ್ತು. ಶುರುನಲ್ಲೇ.” ಕನ್ನಡಕ ಮತ್ತೆ ಹಾಕಿಕೊಂಡರು. “ಇದನ್ನಿಟ್ಕೊಂಡು ನಿನ್ನ ಹುದ್ದೆ ಮುಂದುವರಿಸಿ ಅಂತ ಕೇಳೋಕಾಗಲ್ಲ ಕಣೋ.”

ಸಂಜೆ ಬಸ್‌ಸ್ಟಾಪಿನಲ್ಲಿ ಸಿಕ್ಕ ಹೆಂಡತಿಗೆ ಎಲ್ಲ ಹೇಳಿದ.

“ನೀನು ಸುಮ್ನಿದ್ದಿದ್ರೆ ಯಾರಿಗೆ ಗೊತ್ತಾಗ್ತಿತ್ತು?”

“ಮುಂದೆ ಯಾರಾದ್ರೂ ಗ್ರಾಫೈಟ್ ಹಾಕಿ ನೋಡ್ತಿದ್ರು.”

“ಅಲ್ಲೀವರೆಗಾದ್ರೂ ಬಾಗ್ಲು ಹಾಕ್ಕೊಂಡು ಮಲಗ್ತಿದ್ವಿ.”

ಅವಳು ಮೊಬೈಲನ್ನು ಅವನ ಕೈಗೆ ತುರುಕಿದಳು. “ಮನೆ ಓನರ್‌ಗೆ ನೀನೇ ಹೇಳು. ಕರಗಿದ್ದು ನಿನ್ನ ತಂತಿ ತಾನೇ?”

ಹೇಳಿದ. ಯಾಕೆ ಬೇಡ ಎಂದು ಓನರ್ ಕೇಳಿದಾಗ, “ಸ್ವಲ್ಪ ತೊಂದ್ರೆ ಸರ್,” ಎಂದಷ್ಟೇ ಹೇಳಿ ಇಟ್ಟ.

ಬಸ್ಸು ಬಂತು. ಖಾಲಿಯಿದ್ದದ್ದು ಒಂದೇ ಸೀಟು. ಅವಳು ಅವನನ್ನು ಅದರಲ್ಲಿ ಕೂರಿಸಿ, ತನ್ನ ಭಾರದ ಚೀಲವನ್ನು ಅವನ ತೊಡೆಯ ಮೇಲೆ ಕುಕ್ಕಿ, ಪಕ್ಕದಲ್ಲೇ ಕಂಬಿ ಹಿಡಿದು ನಿಂತಳು.